‘ಫುಲ್ ನಮ್ಮವರೇ’ ಎಂದರೆ ಸಾಕೇ? ಬಾವಿಗೆ ಇಣುಕಿ ನೋಡಿದಿರಾ?

ಎರಡು ವರ್ಷದಲ್ಲಿ ಮಂಗಳೂರಿನ ಸುತ್ತಮುತ್ತ ನಲವತ್ತರ ಹತ್ತಿರ ಮನೆ, ಸೈಟು ನೋಡಿದ್ದೇನೆ. ಹದಿನೇಳು ಬ್ರೋಕರ್‌ಗಳ ನಂಬರು ಇನ್ನೂ ನನ್ನ ಫೋನಿನಲ್ಲಿದೆ. ಅವರಲ್ಲಿ ಒಬ್ಬರೂ ಮೊದಲ ಮಾತಿಗೆ ಬಾವಿ ಹೇಗಿದೆ ಅಂತ ಹೇಳಲಿಲ್ಲ, ಮಳೆಗಾಲದಲ್ಲಿ ರಸ್ತೆ ಹೇಗಿರುತ್ತದೆ ಅಂತ ಹೇಳಲಿಲ್ಲ, ದಾಖಲೆ ಪತ್ರ ಸರಿ ಉಂಟಾ ಅಂತ ಹೇಳಲಿಲ್ಲ. ನನ್ನ ಹೆಸರು ಕೇಳಿದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ವಾಕ್ಯ: “ಫುಲ್ ನಮ್ಮವರೇ ಇರುವ ಏರಿಯಾ ಭಾಯಿ, ಪಳ್ಳಿ ನೂರು ಮೀಟರ್.” ಬ್ರೋಕರ್ ಬೇರೆ ಸಮುದಾಯದವರಾದರೆ ಅದೇ ವಾಕ್ಯದಲ್ಲಿ ‘ನ’ ಹೋಗಿ ‘ನಿ’ ಬರುತ್ತದೆ: “ಫುಲ್ ನಿಮ್ಮವರೇ.” ಅಷ್ಟೇ ವ್ಯತ್ಯಾಸ.

ಬ್ರೋಕರ್‌ಗಳನ್ನು ಬಯ್ಯಲು ನಾನು ಇದನ್ನು ಬರೆಯುತ್ತಿಲ್ಲ. ಅವರು ಅಂಗಡಿಯವರ ಹಾಗೆ, ಗಿರಾಕಿ ಕೇಳುವ ಸಾಮಾನನ್ನೇ ಮುಂದೆ ಇಡುತ್ತಾರೆ. ಕೇಳಿದವರು ನಾವು. ನನ್ನ ಜಗಳ ನಮ್ಮ ಜೊತೆಗೇ.

ನೇರ ಹೇಳಿಬಿಡುತ್ತೇನೆ. ನಾವು ಬ್ಯಾರಿಗಳು ಮನೆ ಕೊಳ್ಳುವಾಗ ‘ಸುತ್ತ ಯಾರಿದ್ದಾರೆ’ ಎಂದು ಮೊದಲು ಕೇಳುತ್ತೇವೆ. ಆ ಒಂದು ಪ್ರಶ್ನೆಗೆ ನಮಗೆ ಬೇಕಾದ ಉತ್ತರ ಸಿಕ್ಕಿದರೆ ಮತ್ತೆ ಬೇರೆ ಪ್ರಶ್ನೆ ನಮ್ಮ ಬಾಯಿಗೇ ಬರುವುದಿಲ್ಲ. ಅಡ್ವಾನ್ಸ್ ಕೊಟ್ಟು ಬರುತ್ತೇವೆ. ಇದರಿಂದ ಕೆಟ್ಟ ನೆಲಕ್ಕೆ ಒಳ್ಳೆಯ ರೇಟು ಕೊಡುತ್ತಿದ್ದೇವೆ. ಕೆಲವು ಸಲ ಜೀವವನ್ನೂ ಕೊಟ್ಟಿದ್ದೇವೆ. ಮಾತು ಕಟುವಾಯಿತು ಅನ್ನಿಸಿದರೆ ಕೊನೆಯವರೆಗೆ ಓದಿ, ಆಮೇಲೆ ಬಯ್ಯಿರಿ.

ನಾನು ಮಂಜೇಶ್ವರದ ಕಡೆಯವ. ಉಪ್ಪನದ್ದು ದಿನಸಿ ಅಂಗಡಿ. ಅಂಗಡಿ ಹಾಕುವ ಮೊದಲು ಉಪ್ಪ ಮೂರು ದಿನ ರಸ್ತೆ ಬದಿಯ ಕಟ್ಟೆಯಲ್ಲಿ ಕೂತು ಬಸ್ಸಿಂದ ಎಷ್ಟು ಜನ ಇಳಿಯುತ್ತಾರೆ ಅಂತ ಲೆಕ್ಕ ಹಾಕಿದ್ದರಂತೆ. ಆಟಿ ತಿಂಗಳಲ್ಲಿ ಒಂದು ದಿನ ಕೊಡೆ ಹಿಡಿದು ಹೋಗಿ ತೋಡಿನ ನೀರು ಎಲ್ಲಿವರೆಗೆ ಏರುತ್ತದೆ ಅಂತ ನೋಡಿ ಬಂದಿದ್ದರಂತೆ. ಅಕ್ಕಿ ಮೂಟೆ ಒದ್ದೆಯಾದರೆ ಮುಗಿಯಿತಲ್ಲ. ಸುತ್ತ ಯಾವ ಜಾತಿಯವರಿದ್ದಾರೆ ಎಂದು ಅವರು ಕೇಳಿದ್ದು ನನಗೆ ಗೊತ್ತಿಲ್ಲ. ಉದ್ರಿ ಪುಸ್ತಕದಲ್ಲಿ ಭಟ್ರು, ಕೊಂಕಣಿ ಮಾಮ್, ಪೊರ್ಬುಗಳು, ಮೊಗವೀರರು, ನಮ್ಮವರು ಎಲ್ಲ ಇದ್ದರು. ಬಾಕಿ ಇಡುವುದರಲ್ಲಿ ಎಲ್ಲರೂ ಸಮಾನರು ಅಂತ ಉಪ್ಪ ನಗುತ್ತಿದ್ದರು.

ಹತ್ತಡಿ ಅಗಲದ ಅಂಗಡಿಗೆ ಇಷ್ಟು ನೋಡಿದ ಜನ ನಾವು. ಬ್ಯಾರಿ ಎಂಬ ಹೆಸರೇ ‘ಬ್ಯಾರ’, ಅಂದರೆ ವ್ಯಾಪಾರದಿಂದ ಬಂತು ಎಂದು ಹಿರಿಯರು ಹೇಳುವುದುಂಟು. ಹಾಗಿರುವಾಗ ಜೀವಮಾನದ ದುಡಿಮೆ ಸುರಿಯುವ ಮನೆಗೆ ಮಾತ್ರ ಯಾಕೆ ಕಣ್ಣು ಮುಚ್ಚಿಕೊಂಡು ಹೋಗುತ್ತೇವೆ?

ಗಡಿ ದಾಟಿ ಮಂಗಳೂರಿನಲ್ಲೇ ಯಾಕೆ ಮನೆ ಎಂದು ನೀವು ಕೇಳಬಹುದು. ಕಾಸರಗೋಡಿನವರಿಗೆ ಇದನ್ನು ವಿವರಿಸಬೇಕಿಲ್ಲ. 1956ರಲ್ಲಿ ನಮ್ಮ ಊರು ಕೇರಳಕ್ಕೆ ಸೇರಿತು. ಆದರೆ ನಮ್ಮ ಆಸ್ಪತ್ರೆ, ನಮ್ಮ ಮಾರುಕಟ್ಟೆ, ಕನ್ನಡ ಓದಿದ ಮಕ್ಕಳ ಕಾಲೇಜು, ಎಲ್ಲ ಮಂಗಳೂರಿನಲ್ಲೇ ಉಳಿಯಿತು. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ತಲಪಾಡಿಯಲ್ಲಿ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದರು. ವಿಷಯ ಹೈಕೋರ್ಟಿಗೆ ಹೋಗಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಷ್ಟರಲ್ಲಿ ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ಗಡಿನಾಡಿನ ರೋಗಿಗಳು ತೀರಿಹೋದರು. ನಮ್ಮ ಉಮ್ಮನ ಹೃದಯದ ಮಾತ್ರೆ ಆ ದಿನಗಳಲ್ಲಿ ಒಂಬತ್ತು ಉಳಿದಿತ್ತು. ದಿನಕ್ಕೊಂದರಂತೆ ನಾವು ಎಣಿಸಿದ್ದೇವೆ. ಆವತ್ತೇ ನಾನು ತೀರ್ಮಾನ ಮಾಡಿದೆ, ಆ ಕಡೆ ಒಂದು ಮನೆ ಬೇಕು ಅಂತ. ಆಗ ನಾನು ಜುಬೈಲಿನಲ್ಲಿ ಪಂಪು, ವಾಲ್ವ್ ರಿಪೇರಿ ಕೆಲಸದಲ್ಲಿದ್ದೆ. ಈಗ ಬೈಕಂಪಾಡಿಯಲ್ಲಿ ಅದೇ ಕೆಲಸ.

ಗಡಿಯವರಿಗೆ ‘ನೀನು ಯಾರು’ ಎಂಬ ಪ್ರಶ್ನೆಯ ರುಚಿ ಚೆನ್ನಾಗಿ ಗೊತ್ತು. ಕಾಸರಗೋಡಿನ ಕಚೇರಿಗೆ ಹೋದರೆ ‘ಕನ್ನಡದವನಾ’ ಅನ್ನುತ್ತಾರೆ. ಮಂಗಳೂರಿನಲ್ಲಿ ಆಧಾರ್ ತೋರಿಸಿದರೆ ‘ಕೇರಳದವನಾ’ ಅನ್ನುತ್ತಾರೆ. ಮನೆ ಕೇಳಲು ಹೋದರೆ ‘ಬ್ಯಾರಿಯಾ’ ಅನ್ನುತ್ತಾರೆ. ನಮ್ಮನ್ನು ಇಷ್ಟು ಚುಚ್ಚಿದ ಪ್ರಶ್ನೆಯನ್ನೇ ನಾವು ನೆಲ ನೋಡುವಾಗ ಪಕ್ಕದ ಮನೆಯವನ ಬಗ್ಗೆ ಕೇಳುತ್ತೇವೆ ಅನ್ನುವುದು ನನಗೆ ಅರಗುವುದಿಲ್ಲ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ನಮ್ಮವರ ಹೆದರಿಕೆ ಸುಳ್ಳಲ್ಲ. 1998ರ ಕೊನೆಯ ಸುರತ್ಕಲ್ ಗಲಭೆಯನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. 2022ರ ಜುಲೈಯಲ್ಲಿ ಜಿಲ್ಲೆಯಲ್ಲಿ ಹತ್ತು ದಿನದ ಒಳಗೆ ಮೂರು ಹುಡುಗರ ಕೊಲೆಯಾಯಿತು, ಎರಡು ಸಮುದಾಯದ ಮನೆಗಳಲ್ಲೂ ಹೆಣ ಬಂತು. ಅಂಥ ವಾರದಲ್ಲಿ ಗಂಡಸರು ಹೊರಗೆ ಹೋದಾಗ ಪಕ್ಕದಲ್ಲಿ ಕರೆದರೆ ಓಡಿ ಬರುವವರು ಇರಬೇಕು ಅಂತ ಒಬ್ಬ ಉಮ್ಮ ಬಯಸಿದರೆ ಅದನ್ನು ತಪ್ಪು ಅನ್ನಲು ನಾನು ಯಾರು? ಮಕ್ಕಳಿಗೆ ಮದ್ರಸ ಬೇಕು. ವಯಸ್ಸಾದವರು ಐದು ಹೊತ್ತು ನಡೆದು ಹೋಗುವಷ್ಟು ದೂರದಲ್ಲಿ ಪಳ್ಳಿ ಬೇಕು. ಮಯ್ಯತ್ ಆದರೆ ಖಬರಸ್ಥಾನ ಬೇಕು. ಇವು ನಿಜವಾದ ಅಗತ್ಯಗಳು.

ನನ್ನ ತಕರಾರು ಅಗತ್ಯದ ಮೇಲಲ್ಲ, ಅದಕ್ಕೆ ಕೊಟ್ಟ ಜಾಗದ ಮೇಲೆ. ಪಟ್ಟಿಯಲ್ಲಿ ಅದೂ ಒಂದು ಇರಲಿ. ಈಗ ಪಟ್ಟಿಯಲ್ಲಿ ಅದೊಂದೇ ಇದೆ.

ಇನ್ನೂ ಒಂದು. ಒಟ್ಟಿಗೆ ಇದ್ದರೆ ಸುರಕ್ಷೆ ಅನ್ನುತ್ತೇವೆ. ನಮ್ಮ ಅಂಗಡಿ ಪೇಟೆಯಲ್ಲಿದೆ, ಮಕ್ಕಳ ಕಾಲೇಜು ಇನ್ನೊಂದು ಕಡೆ ಇದೆ, ಕೆಲಸ ಬೈಕಂಪಾಡಿಯಲ್ಲಿದೆ. ದಿನದ ಹನ್ನೆರಡು ಗಂಟೆ ನಾವು ಎಲ್ಲರ ನಡುವೆಯೇ ಇರುತ್ತೇವೆ. ರಾತ್ರಿ ಬಂದು ಮಲಗುವ ಜಾಗ ಮಾತ್ರ ಬೇರೆ. ಅದರಿಂದ ಆಗುವುದು ಏನೆಂದರೆ, ಪಕ್ಕದ ಮನೆಯವರಾಗಿ ನಮ್ಮನ್ನು ನೋಡಿದ ಜನ ಈ ಊರಿನಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ನಮ್ಮ ಬಗ್ಗೆ ಫೋನಿನಲ್ಲಿ ಬಂದ ಸುಳ್ಳನ್ನು ‘ಇಲ್ಲ, ನನಗೆ ಅವರ ಮನೆ ಗೊತ್ತು’ ಎಂದು ತಡೆಯುವ ಒಬ್ಬ ನೆರೆಯವನನ್ನು ನಾವೇ ಕಳೆದುಕೊಳ್ಳುತ್ತಿದ್ದೇವೆ. ನಮ್ಮ ಮಕ್ಕಳಿಗೂ ಅವರ ಬಗ್ಗೆ ಹಾಗೆ ಹೇಳಲು ಏನೂ ಗೊತ್ತಿರುವುದಿಲ್ಲ.

ಹಳೆಯ ಬಂದರಿನಲ್ಲಿ ಹೀಗಿರಲಿಲ್ಲ. ನೇತ್ರಾವತಿ, ಗುರುಪುರ ಹೊಳೆಗಳು ಕಡಲು ಸೇರುವಲ್ಲಿ ಬೆಳೆದ ಪೇಟೆ ಅದು. ಝೀನತ್ ಬಕ್ಷ್ ಪಳ್ಳಿಯಿಂದ ರಥಬೀದಿಯ ವೆಂಕಟರಮಣ ದೇವಸ್ಥಾನಕ್ಕೆ ನಡೆದೇ ಹೋಗಬಹುದು. ನಡುವೆ ಬ್ಯಾರಿ, ಕೊಂಕಣಿ, ಕಚ್ಛಿ, ಗುಜರಾತಿ ವ್ಯಾಪಾರಿಗಳ ಮಂಡಿಗಳು. ಅವರು ಸಂತರಾಗಿದ್ದರು ಅಂತ ನಾನು ಹೇಳುತ್ತಿಲ್ಲ. ಹಡಗಿನ ಸಾಮಾನು ಇಳಿಸಬೇಕಾದರೆ ಒಬ್ಬರಿಗೊಬ್ಬರು ಬೇಕಿತ್ತು, ಅಷ್ಟೇ. ನಮ್ಮ ಅಜ್ಜಂದಿರು ಆ ಗಲ್ಲಿಗಳಲ್ಲಿ ಬದುಕಿದವರು.

ಈಗ ಎದುರು ಕಡೆಯ ಬಾಗಿಲಿನ ಕಥೆಯನ್ನೂ ಹೇಳಬೇಕು, ಇಲ್ಲದಿದ್ದರೆ ನಾನು ನಮ್ಮವರನ್ನು ಮಾತ್ರ ಬಯ್ದ ಹಾಗಾಗುತ್ತದೆ. ನಗರದ ನಡುವೆ ಒಂದು ಹಳೆಯ ಫ್ಲಾಟು ನನಗೆ ತುಂಬ ಹಿಡಿಸಿತ್ತು. ಮೂರನೇ ಮಾಳಿಗೆ, ಒಳ್ಳೆಯ ಗಾಳಿ, ಉಮ್ಮನ ಡಾಕ್ಟರ ಹತ್ತಿರ. ಮಾರುವವರು ನಿವೃತ್ತರು, ಮರ್ಯಾದಸ್ಥರು, ಚಹಾ ಕೊಟ್ಟರು, ರೇಟು ಒಪ್ಪಿದರು. ಮರುದಿನ ಫೋನ್ ಬಂತು. “ನೀವು ಒಳ್ಳೆ ಜನವೇ. ಆದ್ರೆ ಬಿಲ್ಡಿಂಗಿನವರು ಒಪ್ಪುದಿಲ್ಲ ಮಾರಾಯ್ರೆ. ನಾನು ಮಾರಿ ಹೋಗ್ತೇನೆ, ಆಮೇಲೆ ನಿಮಗೇ ಕಷ್ಟ.” ಸ್ವರದಲ್ಲಿ ನಿಜವಾದ ನಾಚಿಕೆ ಇತ್ತು. ನಾಚಿಕೆಯಿಂದ ನನಗೆ ಮನೆ ಸಿಗಲಿಲ್ಲ.

ಕಾನೂನಿಗೆ ಹೋಗು ಎಂದರು ಗೆಳೆಯರು. ಅಲ್ಲಿಯೂ ದಾರಿ ಸಲೀಸಿಲ್ಲ. ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಹಕಾರ ಸಂಘವೊಂದು ತನ್ನ ಸದಸ್ಯತ್ವವನ್ನು ಪಾರ್ಸಿಗಳಿಗೆ ಮಾತ್ರ ಇಟ್ಟುಕೊಂಡದ್ದನ್ನು ಸುಪ್ರೀಂ ಕೋರ್ಟ್ 2005ರಲ್ಲಿ ಎತ್ತಿ ಹಿಡಿದಿತ್ತು. ಬೈಲಾದಲ್ಲಿ ಬರೆದದ್ದಕ್ಕೇ ಹೀಗಾದರೆ, ಬರೆಯದೆ ಫೋನಿನಲ್ಲಿ ಹೇಳಿದ್ದನ್ನು ಯಾರ ಮುಂದೆ ಸಾಬೀತು ಮಾಡುವುದು?

ನನಗೆ ಆ ದಿನ ಸಿಟ್ಟು ಬಂದಿತ್ತು. ಆದರೆ ಅದೇ ವಾರ ನಮ್ಮವರೇ ಒಬ್ಬರು ಲೇಔಟ್ ತೋರಿಸುತ್ತ ಹೆಮ್ಮೆಯಿಂದ ಹೇಳಿದರು: “ಹೊರಗಿನವರಿಗೆ ಒಂದು ಸೆಂಟೂ ಕೊಡುದಿಲ್ಲ ಭಾಯಿ, ಗ್ಯಾರಂಟಿ.” ನನ್ನನ್ನು ಮುಚ್ಚಿದ ಬಾಗಿಲಿನ ಹೊರಗೆ ನಿಲ್ಲಿಸಿದ ಮಾತೂ ಇದೇ. ಅಲ್ಲಿ ಅದು ಅನ್ಯಾಯ, ಇಲ್ಲಿ ಗ್ಯಾರಂಟಿಯಾ?

ಆ ಗ್ಯಾರಂಟಿಗೆ ಬೆಲೆ ಇದೆ, ಅದನ್ನು ನಾವೇ ಕಟ್ಟುತ್ತೇವೆ. ಒಂದೇ ಗುಡ್ಡೆಯ ಎರಡು ಬದಿಯಲ್ಲಿ ನಾನು ಎರಡು ಸೈಟು ನೋಡಿದೆ. ಒಂದು ಮಿಶ್ರ ಜನ ಇರುವ ಬದಿ, ಪಳ್ಳಿಗೆ ಸ್ಕೂಟರಿನಲ್ಲಿ ಐದು ನಿಮಿಷ, ಕಾರು ತಿರುಗುವಷ್ಟು ರಸ್ತೆ. ಇನ್ನೊಂದು ‘ಫುಲ್ ನಮ್ಮವರು’ ಇರುವ ಬದಿ, ಆಟೊ ಹಿಂದೆ ಹಿಂದೆಯೇ ಬರಬೇಕಾದ ಓಣಿ, ಚರಂಡಿ ಇಲ್ಲ. ಎರಡನೆಯದಕ್ಕೆ ಸೆಂಟಿಗೆ ಒಂದೂವರೆ ಲಕ್ಷ ಹೆಚ್ಚು ಹೇಳಿದರು. ಯಾಕೆ ಎಂದು ಕೇಳಿದರೆ “ಡಿಮ್ಯಾಂಡ್ ಉಂಟು” ಅಂದರು. ಆರು ಸೆಂಟಿಗೆ ಒಂಬತ್ತು ಲಕ್ಷ. ಗಲ್ಫಿನ ಬಿಸಿಲಿನಲ್ಲಿ ನಮ್ಮ ಹುಡುಗರು ಎಷ್ಟು ತಿಂಗಳು ದುಡಿದರೆ ಒಂಬತ್ತು ಲಕ್ಷ ಉಳಿಯುತ್ತದೆ ಎಂದು ಲೆಕ್ಕ ಹಾಕಿ. ಹೆದರಿದ ಗಿರಾಕಿ ಚೌಕಾಶಿ ಮಾಡುವುದಿಲ್ಲ, ಅದು ಅಂಗಡಿಯವರ ಮಕ್ಕಳಿಗೆಲ್ಲ ಗೊತ್ತು.

ದುಡ್ಡು ಹೋದರೆ ಮತ್ತೆ ದುಡಿಯಬಹುದು. ಇನ್ನು ಬರೆಯುವುದು ದುಡ್ಡಿನ ವಿಷಯವಲ್ಲ.

2024ರ ಜೂನ್ ಕೊನೆಯ ವಾರ ಕುತ್ತಾರಿನ ಮದನಿ ನಗರದಲ್ಲಿ ಪಕ್ಕದ ಮನೆಯ ಆವರಣ ಗೋಡೆ ಬೆಳಗಿನ ಹೊತ್ತು ಮನೆಯ ಮೇಲೆ ಬಿತ್ತು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ನಾಲ್ಕೂ ಜನ ಹೋದರು. 2025ರ ಮೇ ಕೊನೆಯಲ್ಲಿ ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಜರಿದು ಮನೆಯ ಮೇಲೆ ಬಂತು, ಪುಟ್ಟ ಮಕ್ಕಳು ಮಣ್ಣಿನಡಿ ಸಿಕ್ಕಿ ತೀರಿಕೊಂಡರು. ಹೋದವರನ್ನು ಅಲ್ಲಾಹು ಕರುಣಿಸಲಿ. ಅವರ ತಪ್ಪು ಅಂತ ಹೇಳಲು ನಾನು ಈ ಹೆಸರು ತೆಗೆಯುತ್ತಿಲ್ಲ. ಇದ್ದುದರಲ್ಲಿ ಒಂದು ಸೂರು ಕಟ್ಟಿಕೊಂಡು ಬದುಕುವವರಿಗೆ ಆಯ್ಕೆಯೇ ಇರುವುದಿಲ್ಲ. ಆದರೆ ಮೂವತ್ತು, ನಲವತ್ತು, ಎಂಬತ್ತು ಲಕ್ಷ ಕೊಟ್ಟು ಕೊಳ್ಳುವ ನಮಗೆ ಆಯ್ಕೆ ಇದೆ. ಮಯ್ಯತ್ ನಮಾಜಿಗೆ ಸಾಲಾಗಿ ನಿಂತು ಕಣ್ಣೀರು ಹಾಕಿದ ನಾವು ಮರುವಾರ ಸೈಟು ನೋಡಲು ಹೋದಾಗ ಹಿಂದಿನ ಬರೆಯ ಕಡೆ ತಲೆ ಎತ್ತಿ ನೋಡಿದೆವಾ?

ನಾನು ಸಿವಿಲ್ ಓದಿದವನಲ್ಲ, ಮೆಕ್ಯಾನಿಕಲ್ ಡಿಪ್ಲೊಮಾ. ಆದರೆ ನೀರಿನ ಒತ್ತಡ ನನ್ನ ದಿನದ ಅನ್ನ. ನಮ್ಮ ಗುಡ್ಡೆಗಳಲ್ಲಿ ಮೇಲೆ ಗಟ್ಟಿ ಮುರಕಲ್ಲು, ಕೆಳಗೆ ಶೇಡಿ ಮಣ್ಣು. ಜೆಸಿಬಿಯಲ್ಲಿ ಬರೆಯನ್ನು ನೇರ ಕಡಿದು ಸೈಟು ಮಾಡಿದಾಗ ಬೇಸಗೆಯಲ್ಲಿ ಅದು ಗೋಡೆಯ ಹಾಗೆ ನಿಂತಿರುತ್ತದೆ, ನೋಡಲು ಚಂದ. ಮಳೆನೀರು ಇಳಿದ ಮೇಲೆ ಶೇಡಿ ಬೆಣ್ಣೆಯ ಹಾಗಾಗುತ್ತದೆ. ಇನ್ನು ಗೋಡೆ. ಒಂದು ಮೀಟರ್ ಆಳದ ನೀರು ತಳದಲ್ಲಿ ಒಂದು ಚದರ ಮೀಟರಿಗೆ ಒಂದು ಟನ್ ಒತ್ತುತ್ತದೆ. ಮೂರು ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ತುಂಬಿದರೆ ಬುಡದಲ್ಲಿ ಚದರ ಮೀಟರಿಗೆ ಮೂರು ಟನ್, ಅದರ ಮೇಲೆ ಒದ್ದೆ ಮಣ್ಣಿನ ಒತ್ತಡ ಬೇರೆ. ಆವರಣ ಗೋಡೆ ದನ, ನಾಯಿ ಬರದ ಹಾಗೆ ಕಟ್ಟಿದ್ದು. ಮಣ್ಣು ತಡೆಯುವ ತಡೆಗೋಡೆಯೇ ಬೇರೆ. ಅದಕ್ಕೆ ಬುಡ ಅಗಲ ಇರಬೇಕು, ನೀರು ಹೊರಬರಲು ತೂತುಗಳಿರಬೇಕು. ಸೈಟಿನ ಹಿಂದೆ ಒಬ್ಬ ಆಳಿಗಿಂತ ಎತ್ತರದ ಗೋಡೆ ಇದ್ದು ಅದರಲ್ಲಿ ಒಂದೂ ತೂತು ಇಲ್ಲದಿದ್ದರೆ, ಪಳ್ಳಿ ಐವತ್ತು ಮೀಟರ್ ದೂರದಲ್ಲಿದ್ದರೂ ಅಲ್ಲಿಂದ ಎದ್ದು ಬನ್ನಿ.

ಊರಿನ ಹೆಸರುಗಳನ್ನಾದರೂ ಓದಲು ಕಲಿಯೋಣ. ‘ಪದವು’ ಅಂದರೆ ಮೇಲಿನ ಬಯಲು, ಅಲ್ಲಿ ನೀರು ಆಳದಲ್ಲಿರುತ್ತದೆ. ‘ಬೈಲು’ ಅಂದರೆ ಗದ್ದೆಯ ತಗ್ಗು, ಅಲ್ಲಿ ಮಳೆಗಾಲದಲ್ಲಿ ನೀರೇ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ‘ಕೆರೆ’ ಅಂತ ಹೆಸರಿದ್ದು ಕೆರೆ ಕಾಣದಿದ್ದರೆ ಅದು ಎಲ್ಲಿಗೆ ಹೋಯಿತು ಎಂದು ಕೇಳಿ, ಅದರ ಮೇಲೆಯೇ ನೀವು ನಿಂತಿರಬಹುದು. 2018ರ ಮೇ 29ರಂದು ಒಂದೇ ದಿನದ ಮಳೆಗೆ ಮಂಗಳೂರಿನ ತಗ್ಗು ಜಾಗಗಳಲ್ಲಿ ಮನೆಯೊಳಗೆ ನೀರು ನುಗ್ಗಿತು. ಹಳೆ ಅಜ್ಜ ಅಜ್ಜಿಯರಿಗೆ ಆ ನೀರಿನ ದಾರಿ ಗೊತ್ತಿತ್ತು. ನಾವು ಬ್ರೋಕರನ್ನು ಕೇಳಿದೆವು, ಅಜ್ಜಿಯನ್ನು ಕೇಳಲಿಲ್ಲ.

ಕುಡಿಯುವ ನೀರಿಗೂ ಇದೇ ಗತಿ. ಮಂಗಳೂರಿನ ನಳ್ಳಿಯಲ್ಲಿ ಬರುವುದು ತುಂಬೆ ಡ್ಯಾಮಿನ ನೇತ್ರಾವತಿ ನೀರು. 2016, 2019, 2023ರ ಬೇಸಗೆಗಳಲ್ಲಿ ಹೊಳೆ ಬತ್ತಿ ಸರದಿಯ ಮೇಲೆ ನೀರು ಬಿಟ್ಟರು. ಹಾಗಾಗಿ ಬಾವಿ ಬೇಕೇ ಬೇಕು. ಜುಲೈಯಲ್ಲಿ ತೋರಿಸುವ ಬಾವಿ ಬಾವಿಯಲ್ಲ, ಮಳೆನೀರಿನ ಪಾತ್ರೆ. ಮೇ ಎರಡನೇ ವಾರ ಹೋಗಿ ಇಣುಕಿ ನೋಡಿ. ಉಳ್ಳಾಲದ ಕಡಲ ಬದಿಯಲ್ಲಾದರೆ ಒಂದು ಗುಟುಕು ಬಾಯಿಗೆ ಹಾಕಿ, ಉಪ್ಪು ಗೊತ್ತಾಗುತ್ತದೆ. ಪಕ್ಕದ ಮನೆಯ ಶೌಚದ ಗುಂಡಿ ಬಾವಿಯಿಂದ ಎಷ್ಟು ದೂರ ಎಂದು ಹೆಜ್ಜೆ ಹಾಕಿ ಅಳೆಯಿರಿ. ಐದೈದು ಸೆಂಟಿಗೆ ಒಂದೊಂದು ಮನೆ, ಒಂದೊಂದು ಬಾವಿ, ಒಂದೊಂದು ಗುಂಡಿ ಇರುವ ನಮ್ಮ ಇಕ್ಕಟ್ಟಿನ ಬಡಾವಣೆಗಳಲ್ಲಿ ಏನನ್ನು ಕುಡಿಯುತ್ತಿದ್ದೇವೆ ಎಂದು ಯೋಚಿಸಲಿಕ್ಕೂ ಹೆದರಿಕೆಯಾಗುತ್ತದೆ.

ನನ್ನ ಕೆಲಸದ ಬದಿಯ ಮಾತು. ಪಣಂಬೂರಿನಲ್ಲಿ ಹೊಸ ಬಂದರು ಬಂದಾಗ ಅಲ್ಲಿಂದ ಎಬ್ಬಿಸಿದವರನ್ನು ಕೃಷ್ಣಾಪುರ, ಕಾಟಿಪಳ್ಳಕ್ಕೆ ತಂದು ಕೂರಿಸಿದರು. ಅವರು ಜಾಗ ಆರಿಸಿದವರಲ್ಲ. ಆಮೇಲೆ ರಸಗೊಬ್ಬರ ಕಾರ್ಖಾನೆ, ತೈಲ ಶುದ್ಧೀಕರಣ ಘಟಕ, ಒಂದರ ಹಿಂದೆ ಒಂದು ಬಂತು. ಜೋಕಟ್ಟೆಯ ಜನ ಕೋಕ್ ಪುಡಿಯ ವಿರುದ್ಧ ಬೀದಿಗಿಳಿದದ್ದು ನಮಗೆಲ್ಲ ನೆನಪಿದೆ. ಆ ಕಡೆ ಮನೆ ನೋಡುವವರು ಹಗಲು ಒಮ್ಮೆ, ರಾತ್ರಿ ಒಮ್ಮೆ ಹೋಗಿ ನಿಲ್ಲಿ. ಹಗಲು ಕಡಲಗಾಳಿ ಒಳಗೆ ಬೀಸುತ್ತದೆ, ರಾತ್ರಿ ತಿರುಗುತ್ತದೆ. ಮೂಗಿಗೆ ಏನು ಬರುತ್ತದೆ, ಕಿಟಕಿಯ ಸರಳಿನ ಮೇಲೆ ಬೆರಳಾಡಿಸಿದರೆ ಏನು ಅಂಟುತ್ತದೆ ನೋಡಿ. ವಾಮಂಜೂರು, ಪಚ್ಚನಾಡಿ ಬದಿಗೆ ಹೋಗುವವರು 2019ರ ಆಗಸ್ಟಿನಲ್ಲಿ ಕಸದ ಗುಡ್ಡವೇ ಜರಿದು ಮಂದಾರದ ತೋಟ, ಮನೆಗಳ ಮೇಲೆ ಹರಿದದ್ದನ್ನು ಮರೆಯಬೇಡಿ.

ಪತ್ರದ ವಿಷಯದಲ್ಲಿ ನಮಗೆ ಮಾತ್ರ ಇರುವ ಒಂದು ಅಪಾಯವಿದೆ. ಬಡ್ಡಿ ಹರಾಮ್ ಎಂದು ನಮ್ಮಲ್ಲಿ ಅನೇಕರು ಬ್ಯಾಂಕ್ ಸಾಲ ತೆಗೆಯುವುದಿಲ್ಲ. ಗಲ್ಫಿನ ಉಳಿತಾಯ, ಉಮ್ಮನ, ಹೆಂಡತಿಯ ಚಿನ್ನ, ಸಂಬಂಧಿಕರ ಕೈಗಡ, ಹೀಗೆ ಒಟ್ಟು ಮಾಡಿ ಪೂರ್ತಿ ಕೊಡುತ್ತೇವೆ. ಅದು ಒಳ್ಳೆಯದೇ, ನಾನೂ ಹಾಗೆಯೇ ಮಾಡಿದೆ. ಆದರೆ ಸಾಲ ಕೊಡುವ ಬ್ಯಾಂಕು ತನ್ನ ವಕೀಲರಿಂದ ಮೂಲಪತ್ರ, ಋಣಭಾರ ಪತ್ರ, ಭೂಪರಿವರ್ತನೆ, 9/11, ಖಾತೆ ಎಲ್ಲ ಜಾಲಾಡಿಸುತ್ತದೆ. ಸಾಲ ಬೇಡ ಎಂದವನಿಗೆ ಆ ಜರಡಿ ಇಲ್ಲ. ಅದರ ಬದಲಿಗೆ ನಮ್ಮಲ್ಲಿ ಏನಿದೆ? “ಅವರು ನಮ್ಮವರೇ, ಮೋಸ ಮಾಡುದಿಲ್ಲ.” ಕೆಲವು ಸಾವಿರ ರೂಪಾಯಿ ಕೊಟ್ಟು ಸ್ವಂತ ವಕೀಲರಿಗೆ ತೋರಿಸಲು ನಮಗೆ ಸಂಕೋಚ, ಎಲ್ಲಿ ಮಾರುವವರಿಗೆ ಬೇಸರವಾಗುತ್ತದೋ ಅಂತ. ಸಾಲ ಕೊಡುವಾಗ, ಕೊಳ್ಳುವಾಗ ಬರೆದಿಡಿ, ಸಾಕ್ಷಿ ಇಡಿ ಎಂದು ನಮ್ಮ ದೀನೇ ಹೇಳಿದೆ. ಬರೆದದ್ದನ್ನು ಓದಿ ನೋಡುವುದು ಯಾವಾಗಿನಿಂದ ಅವಿಶ್ವಾಸವಾಯಿತು?

ಇನ್ನು ಹಿರಿಯರ ಹತ್ತಿರ ಎರಡು ಮಾತು. ಜಮಾಅತ್ ಕಮಿಟಿಗಳಿಗೆ ನಮ್ಮಲ್ಲಿ ಗೌರವ ಇದೆ, ಇರಬೇಕು. ಒಂದು ನಿಕಾಹ್ ಆಗಬೇಕಾದರೆ ಹುಡುಗನ ಊರಿನ ಜಮಾಅತ್ ಪತ್ರ ಕೇಳುತ್ತೀರಿ, ಸರಿ. ಬರೆಯನ್ನು ಇಪ್ಪತ್ತಡಿ ನೇರ ಕಡಿದು, ತೋಡಿಗೆ ಮಣ್ಣು ತುಂಬಿಸಿ, ಪಳ್ಳಿ ಹತ್ತಿರ ಎಂದು ಬೋರ್ಡು ಹಾಕಿ ಸೈಟು ಮಾರುವವನಿಗೆ ನೀವು ಯಾವ ಪತ್ರ ಕೇಳುತ್ತೀರಿ? ಅವನು ಕಾರ್ಪೆಟ್ಟಿಗೆ, ಮಿನಾರಕ್ಕೆ ದುಡ್ಡು ಕೊಟ್ಟರೆ ಮುಂದಿನ ಸಾಲಿನಲ್ಲಿ ಕೂರಿಸುತ್ತೀರಿ. ಪ್ರತಿ ಜಮಾಅತಿನಲ್ಲಿ ಈಗ ನಮ್ಮದೇ ಹತ್ತಿಪ್ಪತ್ತು ಇಂಜಿನಿಯರ್ ಹುಡುಗರಿದ್ದಾರೆ. ಮೇ ತಿಂಗಳಲ್ಲಿ ಒಂದು ಭಾನುವಾರ ಅವರನ್ನು ಕಳುಹಿಸಿ ಮೊಹಲ್ಲಾದ ಬರೆಗಳನ್ನು, ಗೋಡೆಗಳನ್ನು ನೋಡಿಸಿ. ಅಪಾಯ ಇರುವ ಮನೆಗಳ ಪಟ್ಟಿ ಮಾಡಿ ಪಂಚಾಯತಿಗೆ, ನಗರಸಭೆಗೆ ಕೊಡಿ. ಮಳೆ ಜೋರಾದ ರಾತ್ರಿ ಆ ಮನೆಯವರಿಗೆ ಮದ್ರಸದ ಹಾಲ್ ತೆರೆದುಕೊಡಿ. ಮಿನಾರಕ್ಕೆ ಆಗುವ ಖರ್ಚಿನಲ್ಲಿ ಒಂದಂಶ ಒಂದು ತಡೆಗೋಡೆಗೆ ಹಾಕಿದರೆ ಸವಾಬ್ ಕಡಿಮೆಯಾಗುತ್ತದಾ, ಉಸ್ತಾದರನ್ನೇ ಕೇಳಿ.

ನಾನು ಏನು ಮಾಡಿದೆ ಎಂದು ಹೇಳದಿದ್ದರೆ ಇದು ಬರೀ ಉಪದೇಶವಾಗುತ್ತದೆ. ಕಳೆದ ವರ್ಷ ಮರೋಳಿ ಕಡೆ ಒಂದು ಹಳೆಯ ಹಂಚಿನ ಮನೆ ಕೊಂಡೆ, ಏಳು ಸೆಂಟು. ಫೆಬ್ರವರಿಯಲ್ಲಿ ನೋಡಿದೆ, ಮೇ ತಿಂಗಳಲ್ಲಿ ಬಾವಿಗೆ ಇಣುಕಿದೆ, ಜುಲೈಯಲ್ಲಿ ಎರಡು ಸಲ ಮಳೆಯಲ್ಲಿ ಹೋಗಿ ನಿಂತೆ, ಸೆಪ್ಟೆಂಬರಿನಲ್ಲಿ ರಿಜಿಸ್ಟರ್ ಮಾಡಿದೆ. ನಡುವೆ ಬ್ರೋಕರ್ ಮೂರು ಸಲ “ಬೇರೆ ಪಾರ್ಟಿ ರೆಡಿ ಉಂಟು” ಅಂದ. ಹೋದರೆ ಹೋಗಲಿ ಅಂದೆ. ಹೋಗಲಿಲ್ಲ. ಎಡಕ್ಕೆ ನಿವೃತ್ತ ಟೀಚರ್ ಬಾಯಿ, ಬಲಕ್ಕೆ ಆಟೊ ಓಡಿಸುವ ತುಳುವರು, ಎರಡು ಮನೆ ಆಚೆ ನಮ್ಮವರದ್ದೇ ಒಂದು ಕುಟುಂಬ. ಪಳ್ಳಿ ಒಂದೂವರೆ ಕಿಲೋಮೀಟರ್. ಮಗನ ಮದ್ರಸಕ್ಕೆ ನಾನೇ ಸ್ಕೂಟರಿನಲ್ಲಿ ಬಿಡುತ್ತೇನೆ. ಬೆಳಗ್ಗೆ ಆರೂವರೆಗೆ ಏಳುವುದು ಕಷ್ಟ, ಸುಳ್ಳು ಹೇಳುವುದಿಲ್ಲ.

ಉಮ್ಮ ಮೊದಲು ಒಪ್ಪಲೇ ಇಲ್ಲ. “ಬಾಂಗು ಕೇಳದ ಜಾಗದಲ್ಲಿ ಹೇಗೆ ಮೋನೆ?” ಅಂದರು. ನನ್ನ ಹತ್ತಿರ ಅದಕ್ಕೆ ದೊಡ್ಡ ಉತ್ತರ ಇರಲಿಲ್ಲ. ಈಗಲೂ ಜೋರು ಮಳೆಯಲ್ಲಿ ಕೇಳುವುದಿಲ್ಲ, ಅದು ಉಮ್ಮನಿಗೆ ಈಗಲೂ ಬೇಸರವೇ. ಆದರೆ ಮೊನ್ನೆ ನಾನು ಕೆಲಸದಲ್ಲಿದ್ದಾಗ ಉಮ್ಮನಿಗೆ ಎದೆನೋವು ಬಂದು, ಆಟೊದವರು ಗಾಡಿ ತೆಗೆದು, ಟೀಚರ್ ಬಾಯಿ ಪಕ್ಕದಲ್ಲಿ ಕೂತು, ಇಪ್ಪತ್ತು ನಿಮಿಷದಲ್ಲಿ ಆಸ್ಪತ್ರೆ ಸೇರಿಸಿದರು. ನಾನು ತಲುಪುವಾಗ ಇಸಿಜಿ ಆಗಿತ್ತು. ಎಲ್ಲ ಕಡೆ ಹೀಗೆಯೇ ಆಗುತ್ತದೆ ಎಂದು ಇದರಿಂದ ಸಾಬೀತಾಗುವುದಿಲ್ಲ. ‘ಕರೆದರೆ ಓಡಿ ಬರುವವರು’ ಅನ್ನುವಾಗ ನಾವು ಒಂದೇ ಹೆಸರಿನವರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತೇವಲ್ಲ, ಅದೊಂದು ಸರಿಯಲ್ಲ ಎಂದು ಮಾತ್ರ ನನಗೆ ಗೊತ್ತಾಯಿತು.

ಉಪ್ಪ ಮನೆ ನೋಡಲು ಮಳೆಗಾಲದಲ್ಲೇ ಬಂದಿದ್ದರು. ಒಳಗೆ ಬರುವ ಮೊದಲು ಕೊಡೆ ಹಿಡಿದು ಮನೆಗೆ ಒಂದು ಸುತ್ತು ಹಾಕಿದರು. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ನೋಡಿದರು. ಮಾತಾಡಲಿಲ್ಲ, ಚಪ್ಪಲಿ ಬಿಟ್ಟು ಒಳಗೆ ಬಂದು ಚಹಾ ಕೇಳಿದರು.

ಮುಂದಿನ ಸಲ ಬ್ರೋಕರ್ “ಫುಲ್ ನಮ್ಮವರೇ ಭಾಯಿ” ಅಂದಾಗ ನೀವು ಒಂದೇ ಮಾತು ಹೇಳಿ: “ಅದು ಆಮೇಲೆ. ಬಾವಿ ತೋರಿಸಿ, ಹಿಂದಿನ ಗೋಡೆ ತೋರಿಸಿ, ಮೂಲಪತ್ರ ಕೊಡಿ.” ನಮ್ಮಲ್ಲಿ ನೂರು ಜನ ಹೀಗೆ ಕೇಳಲು ಶುರು ಮಾಡಿದರೆ ಅವರ ವಾಕ್ಯ ತಾನಾಗಿ ಬದಲಾಗುತ್ತದೆ. ಗಿರಾಕಿ ಕೇಳದ ಸಾಮಾನನ್ನು ಯಾವ ಅಂಗಡಿಯವನೂ ಮುಂದೆ ಇಡುವುದಿಲ್ಲ.